ದಪ್ಪ ಸ್ವೇ ಬಾರ್ ಹಾಕಿಸೋ ಮುಂಚೆ...

ತಿಂಗಳಿಗೆರಡು ಸಲ ಆಗುಂಬೆ ಘಾಟಿ ಹತ್ತಿ ಇಳಿಯೋ ಗೆಳೆಯನೊಬ್ಬ, ತಿರುವಿನಲ್ಲಿ ಕಾರು ವಾಲುತ್ತೆ ಅಂತ ಮುಂದಿನ ಸ್ವೇ ಬಾರ್ (ಮೆಕ್ಯಾನಿಕ್‌ಗಳ ಬಾಯಲ್ಲಿ ಸ್ಟೆಬಿಲೈಸರ್ ರಾಡ್) ದಪ್ಪದ್ದು ಹಾಕಿಸಲು ಹೊರಟಿದ್ದಾನೆ. ಬೇಡ ಮಾರಾಯ ಅಂದ್ರೆ ಕೇಳ್ತಿಲ್ಲ. ಅದಕ್ಕೇ ಇಲ್ಲಿ ಬರೀತಿದ್ದೀನಿ.

ಎಡ-ಬಲ ಚಕ್ರಗಳ ಸಸ್ಪೆನ್ಷನ್ ಜೋಡಿಸೋ ಉಕ್ಕಿನ ಸರಳು ಅದು. ಕಾರು ವಾಲಿದಾಗ ತಿರುಚಿಕೊಂಡು ತಡೆಯುತ್ತೆ. ಇದರ ಗಟ್ಟಿತನ ಏರೋದು ವ್ಯಾಸದ ನಾಲ್ಕನೇ ಘಾತದ ಲೆಕ್ಕದಲ್ಲಿ. 20 ಮಿ.ಮೀ. ತೆಗೆದು 22 ಹಾಕಿದ್ರೆ ಎರಡೇ ಮಿಲಿಮೀಟರ್ ತಾನೇ ಅನ್ಸುತ್ತೆ, ಆದ್ರೆ ಸರಳು ಸುಮಾರು ಶೇ. 46ರಷ್ಟು ಗಟ್ಟಿ!

ವಾಲೋದು ಕಮ್ಮಿಯಾದ್ರೆ ಹಿಡಿತ ಹೆಚ್ಚಿತು ಅಂತಲ್ಲ. ಅವನದು ಫ್ರಂಟ್ ವೀಲ್ ಡ್ರೈವ್ ಕಾರು. ಮುಂದೆಯೇ ಗಟ್ಟಿ ಮಾಡಿದ್ರೆ ತಿರುವಿನಲ್ಲಿ ಹೊರಬದಿಯ ಮುಂದಿನ ಟೈರಿನ ಮೇಲೆ ಇನ್ನಷ್ಟು ಭಾರ. ಸ್ಟೀರಿಂಗ್ ತಿರುಗಿಸಿದ್ರೂ ಕಾರು ನೆಟ್ಟಗೆ ಹೋಗಲು ನೋಡುತ್ತೆ. ಮಳೆಗಾಲದ ಆಗುಂಬೆಯಲ್ಲಿ ನೆಟ್ಟಗೆ ಅಂದ್ರೆ ಎಲ್ಲಿಗೆ ಸ್ವಾಮಿ? ಹಿಂದೆ ಗಟ್ಟಿ ಮಾಡಿದ್ರೆ ಕಾರಿನ ಮೂತಿ ಚೆನ್ನಾಗಿ ತಿರುಗುತ್ತೆ, ಅತಿಯಾದ್ರೆ ಒದ್ದೆ ರಸ್ತೆಯಲ್ಲಿ ಆಕ್ಸಿಲರೇಟರ್ ತಟ್ಟನೆ ಬಿಟ್ಟಾಗ ಹಿಂಭಾಗ ಜಾರುತ್ತೆ. ಜೊತೆಗೆ ಒಂದು ಚಕ್ರ ಗುಂಡಿಗೆ ಬಿದ್ರೆ ಅದರ ಏಟು ಇನ್ನೊಂದಕ್ಕೂ. ನಮ್ಮ ರಸ್ತೆಗಳಲ್ಲಿ ಸಣ್ಣ ಮಾತಲ್ಲ ಇದು.

ನನ್ನ ಪ್ರಕಾರ ಮೊದಲು ಸವೆದ ರಬ್ಬರ್ ಬುಷ್, ಲಿಂಕ್ ರಾಡ್ ಬದಲಿಸಬೇಕು. ನನ್ನ ಹಳೇ ಕಾರಿನ ಅರ್ಧ ಕಾಯಿಲೆ ಅಲ್ಲೇ ಇತ್ತು. ಆಮೇಲೆ ಒಳ್ಳೇ ಟೈರು. ಅಷ್ಟಾದ ಮೇಲೂ ಸಾಲದಿದ್ರೆ ಹಿಂದಕ್ಕೆ ಹದವಾದ ಬಾರ್, ಸಿಕ್ಕಿದ್ರೆ ಗಟ್ಟಿತನ ಹೊಂದಿಸೋ ತೂತುಗಳಿರೋದು. ತೀರಾ ತುದಿಯ ತೂತಿಗೆ ಲಿಂಕ್ ಸಿಕ್ಕಿಸಿದ್ರೆ ಅದು ಎಲ್ಲಕ್ಕಿಂತ ಮೆದು. ಅಲ್ಲಿಂದ ಶುರು ಮಾಡು ಮಾರಾಯ, ಅದೂ ಒಣ ರಸ್ತೆಯಲ್ಲಿ.