ನಿಧಾನವಾದ ನಾಡಿಗೆ ಒಂದು ಊರುಗೋಲು

‘ವಯಸ್ಸಾಯಿತಲ್ಲ, ಇನ್ನೇನು’ ಎಂಬ ಮಾತು ಎಷ್ಟೋ ಕಾಯಿಲೆಗಳನ್ನು ಮುಚ್ಚಿಡುತ್ತದೆ. ಮನೆಯ ಹಿರಿಯರಿಗೆ ಮೆಟ್ಟಿಲು ಹತ್ತಿದರೆ ಏದುಸಿರು, ಎದ್ದು ನಿಂತರೆ ಕಣ್ಣು ಕತ್ತಲೆ, ದಿನವಿಡೀ ಸುಸ್ತು ಎಂದರೆ ಎಪ್ಪತ್ತು ದಾಟಿತಲ್ಲ ಎಂದುಕೊಂಡು ಸುಮ್ಮನಾಗುತ್ತೇವೆ. ಕಾರಣ ವಯಸ್ಸೋ ಹೃದಯವೋ ಎಂದು ಪರೀಕ್ಷಿಸಲು ಬೇಕಾದ ಮೊದಲ ಉಪಕರಣ ಎಲ್ಲರ ಮನೆಯಲ್ಲೂ ಇದೆ: ಸೆಕೆಂಡಿನ ಮುಳ್ಳಿರುವ ಒಂದು ಗಡಿಯಾರ.

ಹೆಬ್ಬೆರಳಿನ ಬುಡದಲ್ಲಿ, ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಪೂರ್ತಿ ಒಂದು ನಿಮಿಷ ನಾಡಿ ಎಣಿಸಿ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವ ಅವಸರ ಬೇಡ. ನಡುವೆ ತಪ್ಪುವ ಬಡಿತಗಳು ಲೆಕ್ಕಕ್ಕೆ ಸಿಗದೆ ಹೋಗಬಹುದು. ವಿಶ್ರಾಂತಿಯಲ್ಲಿರುವ ವಯಸ್ಕರಲ್ಲಿ 60ರಿಂದ 100 ಸಾಮಾನ್ಯ. ದಿನವೂ ಓಡುವ ಕ್ರೀಡಾಪಟುವಿಗೆ 45 ಇದ್ದರೂ ಚಿಂತೆಯಿಲ್ಲ. ಯಲಹಂಕದಲ್ಲಿರುವ ನನ್ನ ತಾಯಿಗೆ 78 ವರ್ಷ. ಎರಡು ಸಲ ತಲೆಸುತ್ತಿ ಬಿದ್ದ ಮೇಲೆ ಎಣಿಸಿದಾಗ ಸಿಕ್ಕಿದ ಸಂಖ್ಯೆ 38. ಅವರು ಯಾವ ಓಟದ ಪಂದ್ಯಕ್ಕೂ ಹೋದವರಲ್ಲ.

ವೈದ್ಯರು ಮೊದಲು ಕೇಳಿದ್ದು ಮಾತ್ರೆಯ ಡಬ್ಬಿ. ರಕ್ತದೊತ್ತಡಕ್ಕೆಂದು ಕೊಡುವ ಕೆಲವು ಮಾತ್ರೆಗಳು ನಾಡಿಯನ್ನು ನಿಧಾನಗೊಳಿಸುತ್ತವೆ. ಕಣ್ಣಿನ ಗ್ಲಾಕೋಮಾಕ್ಕೆ ಹಾಕುವ ಟಿಮೊಲಾಲ್ ಹನಿಯೂ ರಕ್ತಕ್ಕೆ ಸೇರಿ ಅದೇ ಕೆಲಸ ಮಾಡಬಲ್ಲದು. ಥೈರಾಯ್ಡ್ ಕೊರತೆ, ರಕ್ತದಲ್ಲಿ ಪೊಟ್ಯಾಸಿಯಂ ಹೆಚ್ಚಾಗುವುದು ಇವೂ ಕಾರಣಗಳೇ. ಇಂಥವು ಸಿಕ್ಕಿದರೆ ಯಂತ್ರವೇ ಬೇಡವಾಗಬಹುದು. ಆದ್ದರಿಂದ ಆಸ್ಪತ್ರೆಗೆ ಹೋಗುವಾಗ ಕಣ್ಣಿನ ಹನಿಯೂ ಸೇರಿ ಎಲ್ಲ ಔಷಧಗಳನ್ನು ಚೀಲದಲ್ಲಿ ಹಾಕಿಕೊಳ್ಳಿ. ಆದರೆ ನೀವಾಗಿಯೇ ಯಾವುದನ್ನೂ ನಿಲ್ಲಿಸಬೇಡಿ. ಮೂರ್ಛೆ ತಪ್ಪಿದವರನ್ನು ಹೆಬ್ಬಾಳದ ವಾಹನ ದಟ್ಟಣೆಯಲ್ಲಿ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಡುವುದಂತೂ ಕೂಡದು. 108ಕ್ಕೆ ಫೋನ್ ಮಾಡಿ.

ನನ್ನ ತಾಯಿಯಲ್ಲಿ ಇಂಥ ಯಾವ ಕಾರಣವೂ ಇರಲಿಲ್ಲ. ಇ.ಸಿ.ಜಿ. ತೋರಿಸಿದ್ದು ವಿದ್ಯುತ್ತಿನ ದಾರಿಯಲ್ಲಿನ ತಡೆ. ಹೃದಯಕ್ಕೆ ತನ್ನದೇ ಆದ ವಿದ್ಯುತ್ ವ್ಯವಸ್ಥೆ ಇದೆ. ಬಲ ಹೃತ್ಕರ್ಣದ ಮೇಲ್ಭಾಗದಲ್ಲಿರುವ ಸಣ್ಣ ಗಂಟು ಶಾಲೆಯ ಗಂಟೆಯ ಹಾಗೆ. ಪ್ರತಿ ಬಡಿತವೂ ಅಲ್ಲಿಂದಲೇ ಹೊರಡುತ್ತದೆ. ಇದನ್ನು 1907ರಲ್ಲಿ ಗುರುತಿಸಿದವರು ಇಂಗ್ಲೆಂಡಿನ ಆರ್ಥರ್ ಕೀತ್ ಮತ್ತು ಮಾರ್ಟಿನ್ ಫ್ಲ್ಯಾಕ್. ಸಂಕೇತ ಅಲ್ಲಿಂದ ನಡುವಿನ ಇನ್ನೊಂದು ಗಂಟನ್ನು ದಾಟಿ ಕೆಳಗಿನ ಹೃತ್ಕುಕ್ಷಿಗಳನ್ನು ತಲುಪಬೇಕು. ಅಲ್ಲಿ ದಾರಿ ಪೂರ್ತಿ ಮುಚ್ಚಿದರೆ ಮೇಲಿನ ಗಂಟೆ ಎಷ್ಟು ಬಾರಿಸಿದರೂ ಕೆಳಗಿನ ತರಗತಿಗಳಿಗೆ ಕೇಳಿಸದು. ಆಗ ಹೃತ್ಕುಕ್ಷಿಗಳು ತಮ್ಮಷ್ಟಕ್ಕೆ ತಾವೇ ನಿಮಿಷಕ್ಕೆ ಮೂವತ್ತು ನಲವತ್ತರಂತೆ ಬಡಿಯತೊಡಗುತ್ತವೆ. ಮಿದುಳಿಗೆ ರಕ್ತ ಸಾಲದೆ ತಲೆ ಸುತ್ತುತ್ತದೆ. ಈ ತಡೆಗೆ ಮಾತ್ರೆಯಿಲ್ಲ, ಪೇಸ್‌ಮೇಕರ್ ಇದೆ.

ದೇಹದೊಳಗೆ ಇಡುವ ಪೇಸ್‌ಮೇಕರನ್ನು ಮೊದಲು ಪಡೆದವರು ಸ್ವೀಡನ್ನಿನ ಆರ್ನೆ ಲಾರ್ಸನ್, 1958ರ ಅಕ್ಟೋಬರ್ 8ರಂದು. ಎಂಜಿನಿಯರ್ ರೂನೆ ಎಲ್ಮ್‌ಕ್ವಿಸ್ಟ್ ಅದರ ಕವಚವನ್ನು ಎರಕ ಹೊಯ್ದದ್ದು ಬೂಟ್ ಪಾಲಿಷ್ ಡಬ್ಬಿಯಲ್ಲಿ! ಮೊದಲನೆಯದು ಕೆಲವೇ ಗಂಟೆ ನಡೆಯಿತು. ಮುಂದೆ ಒಟ್ಟು 26 ಪೇಸ್‌ಮೇಕರುಗಳನ್ನು ಕಂಡ ಲಾರ್ಸನ್, ಅದನ್ನು ತಯಾರಿಸಿದ ಎಂಜಿನಿಯರನ್ನೂ ಅಳವಡಿಸಿದ ಶಸ್ತ್ರವೈದ್ಯ ಓಕೆ ಸೆನ್ನಿಂಗ್ ಅವರನ್ನೂ ಮೀರಿ ಬಾಳಿ, 2001ರಲ್ಲಿ ತಮ್ಮ 86ನೆಯ ವಯಸ್ಸಿನಲ್ಲಿ ತೀರಿಕೊಂಡರು. ಈಗಿನ ಯಂತ್ರದ ತೂಕ ಕೆಲವೇ ಹತ್ತು ಗ್ರಾಂ. ಕೊರಳ ಮೂಳೆಯ ಕೆಳಗೆ ಆ ಜಾಗವನ್ನಷ್ಟೇ ಮರಗಟ್ಟಿಸಿ, ಚರ್ಮದಡಿ ಇಟ್ಟು, ರಕ್ತನಾಳದ ಮೂಲಕ ತಂತಿಯನ್ನು ಹೃದಯಕ್ಕಿಳಿಸುತ್ತಾರೆ. ಎದೆ ಸೀಳುವುದಿಲ್ಲ.

ಇದನ್ನೆಲ್ಲ ನಾವು ಮಕ್ಕಳು ವಿವರಿಸಿದ ಮೇಲೆ ಅಮ್ಮ ಕೇಳಿದ್ದು ಒಂದೇ ಮಾತು: “ಯಂತ್ರ ಇಟ್ಟರೆ ಪ್ರಾಣ ಹೋಗೋದು ಹೇಗಪ್ಪಾ? ಒದ್ದಾಡಿಕೊಂಡು ಬಿದ್ದಿರಬೇಕಾ?”

‘ಬಿಡ್ತು ಅನ್ನಮ್ಮ’ ಎಂದು ತಂಗಿ ಗದರಿದಳು. ಆದರೆ ಇದು ಗದರಿ ಮುಗಿಸುವ ಪ್ರಶ್ನೆಯಲ್ಲ. ಪೇಸ್‌ಮೇಕರ್ ಕೊಡುವುದು ಸಣ್ಣ ವಿದ್ಯುತ್ ಮಿಡಿತ ಮಾತ್ರ. ಅದಕ್ಕೆ ಓಗೊಟ್ಟು ಸಂಕುಚಿಸಬೇಕಾದದ್ದು ಹೃದಯದ ಸ್ನಾಯು. ಕೊನೆಗಾಲ ಬಂದಾಗ ಸ್ನಾಯು ಓಗೊಡುವುದಿಲ್ಲ, ಯಂತ್ರ ಯಾರನ್ನೂ ಹಿಡಿದು ನಿಲ್ಲಿಸುವುದಿಲ್ಲ. ಹೀಗೆಂದಾಗ ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದ್ರೆ ಸರಿ, ಬೀಳೋದು ತಪ್ಪಿದರೆ ಸಾಕು” ಎಂದರು. ಒಪ್ಪಿಗೆ ಪತ್ರಕ್ಕೆ ತಾವೇ ಸಹಿ ಹಾಕಿದರು. ಹಿರಿಯರಿಗೆ ಅರಿವಿರುವಾಗ ಅವರ ಎದೆಯ ತೀರ್ಮಾನವನ್ನು ಮಕ್ಕಳು ವರಾಂಡದಲ್ಲಿ ನಿಂತು ಮಾಡಬಾರದು.

ಖರ್ಚು ಸಣ್ಣದಲ್ಲ. ಒಂದು ತಂತಿಯದೋ ಎರಡು ತಂತಿಯದೋ, ಏಕೆ ಎಂದು ವೈದ್ಯರನ್ನು ಕೇಳಿ. ದುಬಾರಿಯಾದದ್ದೇ ಎಲ್ಲರಿಗೂ ಬೇಕೆಂದಿಲ್ಲ. ಬನ್ನೇರುಘಟ್ಟ ರಸ್ತೆಯ ಜಯದೇವ ಹೃದ್ರೋಗ ಸಂಸ್ಥೆ ಯಲಹಂಕದವರಿಗೆ ಊರಿನ ಇನ್ನೊಂದು ತುದಿ. ಆದರೂ ಅದು ಸರ್ಕಾರದ ಸಂಸ್ಥೆ, ತುರ್ತಿಲ್ಲದಿದ್ದರೆ ಅಲ್ಲಿಗೆ ಹೋಗಬಹುದು. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ನಿಮಗೆ ಅನ್ವಯಿಸುತ್ತದೆಯೇ ಎಂದು ದಾಖಲಾಗುವ ಮೊದಲೇ ವಿಚಾರಿಸಿ.

ಮನೆಗೆ ಬಂದ ಮೇಲೆ ನಾಲ್ಕರಿಂದ ಆರು ವಾರ ಆ ಕಡೆಯ ತೋಳನ್ನು ಭುಜಕ್ಕಿಂತ ಮೇಲೆ ಎತ್ತಬಾರದು. ತಲೆ ಬಾಚುವುದು, ರವಿಕೆ ತೊಡುವುದು ಕಷ್ಟ, ಸಹಾಯ ಬೇಕು. ಹಾಗೆಂದು ಕೈಯನ್ನು ಅಲುಗಾಡಿಸದೆ ಕಟ್ಟಿಹಾಕಿದರೆ ಭುಜ ಹಿಡಿದುಕೊಳ್ಳುತ್ತದೆ. ಗಾಯ ಕೆಂಪಾದರೆ, ಕೀವು ಬಂದರೆ ಕೂಡಲೇ ತೋರಿಸಿ. ಮೊಬೈಲನ್ನು ಯಂತ್ರದಿಂದ ಆರು ಅಂಗುಲ ದೂರವಿಡಬೇಕು; ಎದೆಯ ಜೇಬು ಬೇಡ. ಇಂಡಕ್ಷನ್ ಒಲೆಗೆ ಎರಡು ಅಡಿ ಅಂತರ. ಯಶವಂತಪುರದ ಮೆಟ್ರೊ ನಿಲ್ದಾಣದಲ್ಲೋ ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲೋ ತಪಾಸಣೆಯ ಚೌಕಟ್ಟನ್ನು ನಿಲ್ಲದೆ ದಾಟಬಹುದು. ಕೈಯಲ್ಲಿ ಹಿಡಿಯುವ ಶೋಧಕವನ್ನು ಯಂತ್ರದ ಮೇಲೆ ಹಿಡಿದು ನಿಲ್ಲಿಸಬಾರದು. ಆಸ್ಪತ್ರೆ ಕೊಟ್ಟ ಗುರುತಿನ ಚೀಟಿ ಸದಾ ಜೊತೆಗಿರಲಿ; ಎಂ.ಆರ್.ಐ. ಎಂದ ಕೂಡಲೇ ಅದನ್ನು ತೋರಿಸಿ. ವೈದ್ಯರು ಹೇಳಿದ ದಿನಕ್ಕೆ ಬ್ಯಾಟರಿ ಪರೀಕ್ಷೆ ತಪ್ಪಿಸಬೇಡಿ.

ಸಂಕೋಚದ್ದಾದರೂ ಇನ್ನೊಂದು ಮಾತು ಹೇಳಲೇಬೇಕು. ದಹನದ ಬಿಸಿಗೆ ಈ ಬ್ಯಾಟರಿ ಸಿಡಿಯುತ್ತದೆ. ಆದ್ದರಿಂದ ಸೌದೆಯ ಚಿತೆಯಿರಲಿ, ವಿದ್ಯುತ್ ಚಿತಾಗಾರವಿರಲಿ, ಮೊದಲು ಆಸ್ಪತ್ರೆಯವರಿಂದ ಯಂತ್ರ ತೆಗೆಸಬೇಕು. ಆ ಹೊತ್ತಿನಲ್ಲಿ ಇದು ಯಾರಿಗೂ ನೆನಪಾಗುವುದಿಲ್ಲ. ಗುರುತಿನ ಚೀಟಿ ಇಟ್ಟ ಫೈಲಿನಲ್ಲೇ ಒಂದು ಸಾಲು ಬರೆದಿಟ್ಟು, ಮನೆಯ ಇನ್ನೊಬ್ಬರಿಗೂ ಹೇಳಿರಿ.