ಬಿಪಿ ಅಂದ್ರೆ ಬರೀ ಸಿಟ್ಟಲ್ಲ ರೀ

"ಅವ್ರಿಗೆ ಬಿಪಿ ಐತೆ, ಸಿಟ್ಟು ಬರಿಸ್ಬೇಡ." ದಾವಣಗೆರೆ, ಹರಿಹರದ ಯಾವ ಮನೇಲಿ ಈ ಮಾತು ಕೇಳಿಲ್ಲ ಹೇಳಿ? ನಮ್ಮಲ್ಲಿ ಬಿಪಿ ಅಂದ್ರೆ ಸಿಟ್ಟು, ಟೆನ್ಷನ್, ಅಷ್ಟೇ. ಈ ಅರ್ಧ ಸತ್ಯ ನಮ್ಮವರಿಗೆ ತುಂಬಾ ತೊಂದರೆ ಕೊಡ್ತಿದೆ ಅನ್ನೋದು ನನ್ನ ಅಭಿಪ್ರಾಯ. ಇದು ಸ್ವಭಾವದ ಕಾಯಿಲೆ ಅಂದ್ಕೊಂಡವರು, ಮನಸ್ಸು ತಣ್ಣಗಾದ ಕೂಡ್ಲೇ ಮಾತ್ರೆ ಬಿಟ್ಬಿಡ್ತಾರೆ.

ಮೊದಲು ನಿಜ ಇರೋ ಅರ್ಧ ನೋಡೋಣ. ಪಿ.ಬಿ. ರಸ್ತೆ ದಾಟುವಾಗ ಲಾರಿ ಮೈಮೇಲೆ ಬಂದಂಗಾದ್ರೆ, ನರಗಳು ಕ್ಷಣದಲ್ಲಿ ಎದೆಬಡಿತ ಜೋರು ಮಾಡಿ ರಕ್ತನಾಳ ಬಿಗಿ ಮಾಡ್ತವೆ. ಒತ್ತಡ ಏರುತ್ತೆ. ಕುತ್ತಿಗೆಯ ದೊಡ್ಡ ರಕ್ತನಾಳದಲ್ಲಿರೋ ಸೂಕ್ಷ್ಮ ನರತುದಿಗಳು ಮೆದುಳಿಗೆ ಸುದ್ದಿ ಕೊಡ್ತವೆ, ಮೆದುಳು ಒತ್ತಡ ಇಳಿಸುತ್ತೆ. ಇದು ಸೆಕೆಂಡು, ನಿಮಿಷದ ಲೆಕ್ಕ.

ಹಾಗಾದ್ರೆ ವರ್ಷಗಟ್ಟಲೆ 150/100 ಹಾಗೇ ನಿಲ್ಲೋದು ಹೆಂಗೆ? ಇಲ್ಲಿ ಕಿಡ್ನಿ ಬರುತ್ತೆ. ಎರಡೂ ಕಿಡ್ನಿ ಸೇರಿ ದಿನಕ್ಕೆ ಸುಮಾರು 180 ಲೀಟರ್ ಸೋಸಿ, ಹೆಚ್ಚುಕಡಿಮೆ ಒಂದೂವರೆ ಲೀಟರ್ ಮಾತ್ರ ಮೂತ್ರವಾಗಿ ಹೊರಗೆ ಹಾಕ್ತವೆ. ಬಿಕಾಂ ಓದೋ ನನಗೆ ಇದು ಉಪ್ಪು-ನೀರಿನ ಜಮಾ-ಖರ್ಚಿನ ಹಾಗೇ ಕಾಣುತ್ತೆ. ಒತ್ತಡ ಏರಿದ್ರೆ ಆರೋಗ್ಯವಂತ ಕಿಡ್ನಿ ಉಪ್ಪು, ನೀರನ್ನ ಜಾಸ್ತಿ ಖರ್ಚು ಹಾಕಿ ಲೆಕ್ಕ ಸರಿ ಮಾಡುತ್ತೆ. ಬಿಪಿ ಇಳೀತಾನೇ ಇಲ್ಲ ಅಂದ್ರೆ ಕಿಡ್ನಿ ಆ ಹೊಸ ಅಂಕಿಯನ್ನೇ ಒಪ್ಕೊಂಡಿದೆ ಅಂತ ಅರ್ಥ. ಕಿಡ್ನಿಗೆ ರಕ್ತ ಕಡಿಮೆ ಬಂದಾಗ ಅದು ರೆನಿನ್ ಬಿಡುತ್ತೆ. ಅದರಿಂದ ಆಂಜಿಯೋಟೆನ್ಸಿನ್ ಹುಟ್ಟಿ, ರಕ್ತನಾಳ ಬಿಗಿಯಾಗುತ್ತೆ, ಉಪ್ಪು ಮೈಯಲ್ಲೇ ಉಳಿಯುತ್ತೆ.

1983ರಲ್ಲಿ ಅಮೆರಿಕದ ವೈದ್ಯರು ಒಂದು ವರದಿ ಪ್ರಕಟಿಸಿದ್ರು. ಬಿಪಿಯಿಂದಲೇ ಕಿಡ್ನಿ ಕಳ್ಕೊಂಡ ಆರು ಜನರಿಗೆ ಬಿಪಿ ಇಲ್ಲದವರ ಕಿಡ್ನಿ ಕಸಿ ಮಾಡಿದ್ರು. ವರ್ಷಗಳ ನಂತರವೂ ಅವರ ಬಿಪಿ ನಾರ್ಮಲ್ ಇತ್ತು. ಬದಲಾಗಿದ್ದು ಸ್ವಭಾವ ಅಲ್ಲ, ಕಿಡ್ನಿ.

ಹಂಗಂತ ನರಗಳ ಪಾತ್ರ ಇಲ್ಲ ಅಂತಲ್ಲ. ಮೆದುಳಿನ ಆಜ್ಞೆ ನರಗಳ ಮೂಲಕ ಕಿಡ್ನಿಗೂ ಹೋಗುತ್ತೆ: ರೆನಿನ್ ಬಿಡು, ಉಪ್ಪು ಹಿಡ್ಕೋ ಅಂತ. ಕಿಡ್ನಿ ಪೆಟ್ಟು ತಿಂದ್ರೆ ವಾಪಸ್ ಮೆದುಳನ್ನ ಕೆಣಕುತ್ತೆ. ಈ ನರಗಳನ್ನ ಶಾಖದಿಂದಲೋ ಅಲ್ಟ್ರಾಸೌಂಡ್‌ನಿಂದಲೋ ಸುಮ್ಮನಾಗಿಸೋ ಚಿಕಿತ್ಸೆಗೆ 2023ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ತು. ನಮ್ಮ ಹರಿಹರೇಶ್ವರನ್ನ ನೋಡಿದ್ದೀರಲ್ಲ, ಅರ್ಧ ಹರಿ, ಅರ್ಧ ಹರ, ಮೂರ್ತಿ ಒಂದೇ. ಬಿಪಿಯೂ ಹಂಗೇ. ನಾವು ಒಂದೇ ಕಡೆ ಕೈ ಮುಗಿದು ಬರ್ತಿದ್ದೀವಿ.

ಇನ್ನೊಂದು ಮಾತು ಕೇಳಿರ್ತೀರಿ: "ದಿನಾ ಮಾತ್ರೆ ನುಂಗಿದ್ರೆ ಕಿಡ್ನಿ ಹೋಗುತ್ತೆ." ನಿಜ ಉಲ್ಟಾ ಇದೆ. ಕಿಡ್ನಿಯ ಸಣ್ಣ ರಕ್ತನಾಳಗಳನ್ನ ಹಾಳು ಮಾಡೋದು ಹತೋಟಿ ತಪ್ಪಿದ ಬಿಪಿ. ಅದೇ ಜನ ಸೊಂಟ ನೋವು, ಮಂಡಿ ನೋವು ಅಂತ ಮೆಡಿಕಲ್ ಶಾಪಲ್ಲಿ ಚೀಟಿ ಇಲ್ಲದೆ ಡೈಕ್ಲೋಫೆನಾಕ್ ತಗೋತಾರೆ. ಇಂಥ ನೋವಿನ ಮಾತ್ರೆ ಬಿಪಿ ಏರಿಸಬಹುದು, ಕಿಡ್ನಿಗೂ ಪೆಟ್ಟು ಕೊಡಬಹುದು. ದಿನವಿಡೀ ಮೂಟೆ ಹೊರೋ ಹಮಾಲರಿಗೆ ಇದನ್ನ ಯಾರು ಹೇಳ್ತಾರೆ?

ಮಿರ್ಚಿ-ಮಂಡಕ್ಕಿ ಬಿಡಿ ಅಂತ ನಾನು ಹೇಳಲ್ಲ, ಹೇಳಿದ್ರೆ ಊರು ಬಿಡಿಸ್ತೀರಿ! ಆದ್ರೆ ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳೋದು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು, ಅಂದ್ರೆ ಒಂದು ಟೀ ಚಮಚಕ್ಕಿಂತ ಕಡಿಮೆ. ಉಪ್ಪಿನಕಾಯಿ, ಹಪ್ಪಳ, ಬೇಕರಿ ಖಾರ ಎಲ್ಲಾ ಸೇರಿ.

ಬಿಪಿ ಇರೋ ದೊಡ್ಡವರಿಗೆ "ಟೆನ್ಷನ್ ತಗೋಬೇಡಿ" ಅನ್ನೋದು ಸುಲಭ, ಖರ್ಚಿಲ್ಲ. ಅದರ ಜೊತೆ ಇನ್ನೆರಡು ಕೇಳಿ: ಇವತ್ತಿನ ಮಾತ್ರೆ ಆಯ್ತಾ? ಕ್ರಿಯಾಟಿನಿನ್, ಮೂತ್ರ ಪರೀಕ್ಷೆ ಕೊನೇ ಸಲ ಯಾವಾಗ ಮಾಡ್ಸಿದ್ರಿ? ಉತ್ತರ "ನೆನಪಿಲ್ಲ" ಅಂದ್ರೆ, ಈ ವಾರವೇ ಕರ್ಕೊಂಡು ಹೋಗಿ.

#ಬಿಪಿ #ಕಿಡ್ನಿ #ದಾವಣಗೆರೆ #ಹರಿಹರ