ಹೊಸ ಗಣಕದಲ್ಲಿ ಹಳೆಯ ಡಾಸ್ ಆಟಗಳು



ಈ ತಿಂಗಳ ಅಂಕಣಕ್ಕೆ ವಿಷಯವನ್ನು ಒದಗಿಸಿದವರು ಮಂಜೇಶ್ವರದ ಕಡೆಯ ಓದುಗರೊಬ್ಬರು. ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಹತ್ತಾರು ಹಳೆಯ ಫ್ಲಾಪಿಗಳು ಅವರಿಗೆ ದೊರೆತಿವೆ. ಅವುಗಳಲ್ಲಿ ತಾವು ಹುಡುಗರಾಗಿದ್ದಾಗ ಆಡಿದ ಡಾಸ್ ಕಾಲದ ಆಟಗಳಿವೆ. ಅವನ್ನು ಮಕ್ಕಳಿಗೆ ತೋರಿಸೋಣವೆಂದರೆ ಹೊಸ ಗಣಕಯಂತ್ರವು ಒಪ್ಪುವುದಿಲ್ಲ. ಇದಕ್ಕೆ ದಾರಿಯುಂಟೇ ಎಂದು ಕೇಳಿದ್ದಾರೆ. ದಾರಿಯುಂಟು, ಅದಕ್ಕೆ ಹಣದ ಖರ್ಚೂ ಇಲ್ಲ. ಆದರೆ ದಾರಿಯನ್ನು ಹೇಳುವ ಮುನ್ನ ಯಂತ್ರವು ಒಪ್ಪದಿರುವುದೇಕೆಂದು ತಿಳಿಯುವುದು ಲೇಸು. ಕಾರಣವನ್ನು ಬಲ್ಲವನಿಗೆ ಉಪಾಯವು ಮರೆತುಹೋಗುವುದಿಲ್ಲ.

1981ರ ಆಗಸ್ಟ್ ತಿಂಗಳಲ್ಲಿ ಐಬಿಎಂ ಸಂಸ್ಥೆಯು ತನ್ನ ‘ಪಿಸಿ’ಯನ್ನು ಹೊರತಂದಾಗ ಅದರೊಳಗಿದ್ದುದು ಇಂಟೆಲ್ 8088 ಎಂಬ ಸಂಸ್ಕಾರಕ. ಅದರ ಗಡಿಯಾರದ ವೇಗ 4.77 ಮೆಗಾಹರ್ಟ್ಸ್, ಅದರ ಮೇಲೆ ನಡೆಯುವ ತಂತ್ರಾಂಶಗಳಿಗೆ ಸಲ್ಲುತ್ತಿದ್ದ ಸ್ಮೃತಿ ಹೆಚ್ಚೆಂದರೆ 640 ಕಿಲೋಬೈಟ್. ಡಾಸ್ ಎಂಬ ವ್ಯವಸ್ಥೆಯು ಒಂದು ಸಲಕ್ಕೆ ಒಂದೇ ಕೆಲಸವನ್ನು ಮಾಡಿಸುತ್ತಿತ್ತು. ಆಟವು ಆರಂಭವಾಯಿತೆಂದರೆ ಇಡೀ ಯಂತ್ರವೇ ಅದರ ಸ್ವಾಧೀನ. ತೆರೆಗೂ ಧ್ವನಿಯ ಕಾರ್ಡಿಗೂ ಕೀಲಿಮಣೆಗೂ ಅದು ನೇರವಾಗಿ ಕೈಯಿಡುತ್ತಿತ್ತು. ಇಂದಿನ ವಿಂಡೋಸ್ ಆಗಲಿ ಲಿನಕ್ಸ್ ಆಗಲಿ ಇದಕ್ಕೆ ಅವಕಾಶ ಕೊಡುವುದಿಲ್ಲ. ಕೂಡುಕುಟುಂಬದ ಯಜಮಾನನಂತೆ, ಬೇಕಾದುದನ್ನೆಲ್ಲ ತನ್ನ ಮೂಲಕವೇ ಕೇಳಿ ಪಡೆಯಬೇಕೆಂಬುದು ಅವುಗಳ ನಿಯಮ.

ಎರಡನೆಯ ಕಾರಣ ಸಂಸ್ಕಾರಕಕ್ಕೆ ಸೇರಿದುದು. ಹಿಂದಿನ 32 ಬಿಟ್ ವಿಂಡೋಸ್‌ಗಳಲ್ಲಿ ಡಾಸ್ ತಂತ್ರಾಂಶಗಳಿಗೆಂದೇ ಒಂದು ಕಿರುಕೋಣೆಯಿತ್ತು. 2003ರಿಂದೀಚೆಗೆ ಮನೆಯ ಗಣಕಗಳಿಗೆ ಬಂದ 64 ಬಿಟ್ ಸಂಸ್ಕಾರಕಗಳಾದರೋ ತಮ್ಮ 64 ಬಿಟ್ ಕ್ರಮದಲ್ಲಿ ನಡೆಯುತ್ತಿರುವಾಗ ಆ ಕೋಣೆಗೆ ಆಧಾರವಾಗಿದ್ದ ಹಳೆಯ 8086 ಕ್ರಮವನ್ನು ಒದಗಿಸುವುದಿಲ್ಲ. 2021ರಲ್ಲಿ ಬಂದ ವಿಂಡೋಸ್ 11 ಕೇವಲ 64 ಬಿಟ್ಟಿನದು. ಆದುದರಿಂದ ಆ ಕೋಣೆಯು ಅಲ್ಲಿ ಇಲ್ಲವೇ ಇಲ್ಲ.

ಮೂರನೆಯದು ವೇಗದ ತೊಡಕು. ಹಳೆಯ ಆಟಗಳಲ್ಲಿ ಎಷ್ಟೋ ಆಟಗಳು ಗಡಿಯಾರವನ್ನು ನೋಡಿ ನಡೆಯುತ್ತಿರಲಿಲ್ಲ. ಯಂತ್ರವು ಇಷ್ಟೇ ನಿಧಾನವೆಂದು ನಂಬಿ, ಎರಡು ಹೆಜ್ಜೆಗಳ ನಡುವೆ ಇಂತಿಷ್ಟು ಸಲ ಸುಮ್ಮನೆ ಎಣಿಸುತ್ತ ಕಾಲ ಕಳೆಯುತ್ತಿದ್ದುವು. ಇಂದಿನ ಗಣಕದ ಗಡಿಯಾರವು 3000 ಮೆಗಾಹರ್ಟ್ಸಿನದೆಂದು ಇಟ್ಟುಕೊಂಡರೂ ಅದು ಮೊದಲಿನದಕ್ಕಿಂತ ಆರುನೂರು ಪಾಲು ಮಿಕ್ಕಿತು. ಯಕ್ಷಗಾನದಲ್ಲಿ ಭಾಗವತರು ಹಾಗೆ ತಾಳವನ್ನು ಏರಿಸಿಬಿಟ್ಟರೆ ವೇಷಧಾರಿಯ ಗತಿಯೇನು? ಆಟದಲ್ಲಿಯೂ ಅದೇ ಆಗುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಎದುರಾಳಿಯು ಮೈಮೇಲೆ ಬಿದ್ದಿರುತ್ತಾನೆ. 1980ರ ದಶಕದ ಅನೇಕ ಗಣಕಗಳಿಗೆ ‘ಟರ್ಬೊ’ ಎಂಬ ಗುಂಡಿಯನ್ನು ಇಟ್ಟಿದ್ದುದು ಇಂಥ ಆಟಗಳಿಗಾಗಿ ವೇಗವನ್ನು ತಗ್ಗಿಸುವುದಕ್ಕೇ.

ಟರ್ಬೊ ಪ್ಯಾಸ್ಕಲ್ ಭಾಷೆಯಲ್ಲಿ ರಚಿತವಾದ ಕೆಲವು ತಂತ್ರಾಂಶಗಳು ಆರಂಭದಲ್ಲಿಯೇ ‘ರನ್‌ಟೈಮ್ ಎರರ್ 200’ ಎಂದು ನಿಂತುಬಿಡುತ್ತವೆ. ಸೊನ್ನೆಯಿಂದ ಭಾಗಿಸಿದ ದೋಷವೆಂಬುದು ಆ ಸಂಖ್ಯೆಯ ಅರ್ಥ. ನಿಜವಾಗಿ ಅಲ್ಲಿ ಸೊನ್ನೆಯಿಲ್ಲ. 55 ಮಿಲಿಸೆಕೆಂಡುಗಳಲ್ಲಿ ಯಂತ್ರವು ಎಷ್ಟು ಎಣಿಸಿತೆಂದು ನೋಡಿ, ಅದನ್ನು 55ರಿಂದ ಭಾಗಿಸಿ, ಉತ್ತರವನ್ನು 16 ಬಿಟ್ಟುಗಳ ಸ್ಥಳದಲ್ಲಿ ಇಡಬೇಕು. ಅಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ 65,535. ಯಂತ್ರವು ವೇಗವಾದಂತೆ ಉತ್ತರವು ಅದನ್ನು ಮೀರುತ್ತದೆ. ಸೇರಿನಲ್ಲಿ ಕೊಳಗವನ್ನು ಸುರಿದಂತಾಗುತ್ತದೆ. ಲೆಕ್ಕದ ತರಗತಿಯಲ್ಲಿ ಮಕ್ಕಳಿಗೆ ಹೇಳಲು ಇದಕ್ಕಿಂತ ಸೊಗಸಾದ ಉದಾಹರಣೆ ಬೇಡ.

ಇನ್ನು ಉಪಾಯ. ಕನ್ನಡದ ಅರ್ಜಿಯನ್ನು ಹಿಡಿದು ಮಲಯಾಳದ ಕಚೇರಿಗೆ ಹೋದಾಗ ನಡುವೆ ಬಲ್ಲ ದುಭಾಷಿಯೊಬ್ಬನಿದ್ದರೆ ಕೆಲಸವು ಸುಗಮವೆಂಬುದನ್ನು ಗಡಿನಾಡಿನ ನಮಗೆ ಯಾರೂ ಕಲಿಸಬೇಕಾಗಿಲ್ಲ. ಹಳೆಯ ಆಟಕ್ಕೂ ಹೊಸ ಯಂತ್ರಕ್ಕೂ ನಡುವೆ ಅಂಥ ದುಭಾಷಿಯಾಗಿ ನಿಲ್ಲುವ ತಂತ್ರಾಂಶ ‘ಡಾಸ್‌ಬಾಕ್ಸ್’. 2002ರಲ್ಲಿ ಮೊದಲು ಹೊರಬಂದ ಇದು ಎಲ್ಲರಿಗೂ ಉಚಿತ. ಹಳೆಯ ಸಂಸ್ಕಾರಕ, ತೆರೆ, ಧ್ವನಿಯ ಕಾರ್ಡು ಎಲ್ಲವನ್ನೂ ಇದು ತಾನೇ ನಟಿಸಿ ತೋರಿಸುತ್ತದೆ. ವಿಂಡೋಸ್‌ನಲ್ಲಿ ನಡೆಯುವಂತೆಯೇ ನಮ್ಮ ಕೇರಳದ ಶಾಲೆಗಳಲ್ಲಿರುವ ಲಿನಕ್ಸ್‌ನಲ್ಲಿಯೂ ನಡೆಯುತ್ತದೆ.

ಕ್ರಮ ಹೀಗೆ. ‘ಸಿ’ ಡ್ರೈವಿನಲ್ಲಿ ‘ಗೇಮ್ಸ್’ ಎಂಬ ಫೋಲ್ಡರನ್ನು ಮಾಡಿ, ಆಟದ ಕಡತಗಳನ್ನೆಲ್ಲ ಅದರೊಳಗೆ ಇಡಿರಿ. ಹೆಸರು ಎಂಟು ಅಕ್ಷರಗಳನ್ನು ಮೀರದಿರಲಿ. ಡಾಸ್ ಬಲ್ಲುದು ಅಷ್ಟೇ. ಡಾಸ್‌ಬಾಕ್ಸನ್ನು ತೆರೆದು, ಇಂಗ್ಲಿಷ್ ಅಕ್ಷರಗಳಲ್ಲಿ ‘ಮೌಂಟ್’ ಎಂಬ ಪದ, ಒಂದು ತೆರಪು, ‘ಸಿ’ ಎಂಬ ಅಕ್ಷರ, ಮತ್ತೊಂದು ತೆರಪು, ಅನಂತರ ಫೋಲ್ಡರಿನ ಪೂರ್ಣ ವಿಳಾಸ, ಇಷ್ಟನ್ನು ಬರೆದು ಎಂಟರ್ ಒತ್ತಿರಿ. ಮುಂದಿನ ಸಾಲಿನಲ್ಲಿ ‘ಸಿ’ ಅಕ್ಷರವನ್ನೂ ಎರಡು ಚುಕ್ಕೆಗಳ ಕೋಲನ್ನನ್ನೂ ಒತ್ತಿದರೆ ಫೋಲ್ಡರಿನೊಳಗೆ ಪ್ರವೇಶವಾಗುತ್ತದೆ. ‘ಡಿಐಆರ್’ ಎಂದರೆ ಕಡತಗಳ ಪಟ್ಟಿ ಕಾಣುತ್ತದೆ. ಅದರಲ್ಲಿ ‘ಇಎಕ್ಸ್‌ಇ’ ಎಂಬ ಬಾಲವುಳ್ಳ ಹೆಸರನ್ನು ಬರೆದರೆ ಸಾಮಾನ್ಯವಾಗಿ ಆಟವು ಆರಂಭವಾಗುತ್ತದೆ. ಪ್ರತಿಸಲವೂ ಇಷ್ಟನ್ನು ಬರೆಯುವ ಬೇಸರವಿದ್ದರೆ ಡಾಸ್‌ಬಾಕ್ಸಿನ ಸೆಟ್ಟಿಂಗ್ ಕಡತದ ಕೊನೆಯಲ್ಲಿ ‘ಆಟೋಎಕ್ಸೆಕ್’ ಎಂಬ ವಿಭಾಗದ ಕೆಳಗೆ ಈ ಸಾಲುಗಳನ್ನು ಸೇರಿಸಿಟ್ಟರೆ ಸಾಕು.

ಆಟವು ಆರಂಭವಾದರಷ್ಟೇ ಸಾಲದು; ಸರಿಯಾಗಿ ನಡೆಯಬೇಕು. ವೇಗವು ಹೆಚ್ಚಾಗಿದ್ದರೆ ಕಂಟ್ರೋಲ್ ಕೀಲಿಯೊಡನೆ ಎಫ್11ನ್ನೂ, ಕಡಿಮೆಯಾಗಿದ್ದರೆ ಕಂಟ್ರೋಲ್‌ನೊಡನೆ ಎಫ್12ನ್ನೂ ಒತ್ತುತ್ತ ಬನ್ನಿರಿ. ಕೆಲವು ಲ್ಯಾಪ್‌ಟಾಪುಗಳಲ್ಲಿ ‘ಎಫ್‌ಎನ್’ ಕೀಲಿಯನ್ನೂ ಜೊತೆಗೆ ಹಿಡಿಯಬೇಕಾದೀತು. ಕಿಟಕಿಯ ಶಿರೋಭಾಗದಲ್ಲಿ ‘ಸೈಕಲ್ಸ್’ ಎಂಬ ಸಂಖ್ಯೆಯು ಇಳಿಯುವುದೂ ಏರುವುದೂ ಕಾಣುತ್ತದೆ. ಆಟವು ಹದಕ್ಕೆ ಬಂದಾಗ ಆ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿರಿ. ಪ್ರತಿಯೊಂದು ಆಟಕ್ಕೂ ಅದು ಬೇರೆ. ಮೌಸ್ ಕಿಟಕಿಯೊಳಗೆ ಸಿಕ್ಕಿಕೊಂಡರೆ ಕಂಟ್ರೋಲ್‌ನೊಡನೆ ಎಫ್10 ಬಿಡಿಸುತ್ತದೆ. ಆಲ್ಟ್‌ನೊಡನೆ ಎಂಟರ್ ಒತ್ತಿದರೆ ಆಟವು ತೆರೆಯ ತುಂಬ ಹರಡುತ್ತದೆ.

ಚಿತ್ರದ ಆಕಾರದ ವಿಷಯವನ್ನು ಅನೇಕರು ಗಮನಿಸುವುದಿಲ್ಲ. ಅಂದಿನ ಹಲವು ಆಟಗಳ ಚಿತ್ರವು ಅಡ್ಡಕ್ಕೆ 320, ಉದ್ದಕ್ಕೆ 200 ಚುಕ್ಕೆಗಳದು. ಅಂದಿನ ತೆರೆಯ ಅಗಲ ಎತ್ತರಗಳ ಪ್ರಮಾಣ 4ಕ್ಕೆ 3. ಆ ತೆರೆಯನ್ನು ತುಂಬಲು 200 ಸಾಲುಗಳು 240ರ ಎತ್ತರಕ್ಕೆ ಹಿಗ್ಗುತ್ತಿದ್ದುವು. ಇಂದಿನ ಅಗಲವಾದ ತೆರೆಯಲ್ಲಿ ಹಾಗಾಗದೆ ರಾಜಕುಮಾರನು ಕುಳ್ಳನಾಗಿಯೂ ಚಂದ್ರನು ಮೊಟ್ಟೆಯಾಗಿಯೂ ಕಾಣುತ್ತಾರೆ. ಸೆಟ್ಟಿಂಗ್ ಕಡತದಲ್ಲಿ ‘ಆಸ್ಪೆಕ್ಟ್’ ಎಂಬುದರ ಮುಂದೆ ‘ಟ್ರೂ’ ಎಂದು ಬರೆದರೆ ಚಂದ್ರನು ಮತ್ತೆ ದುಂಡಗಾಗುತ್ತಾನೆ. ಧ್ವನಿಯ ಬಗೆಗೆ ಆಟವು ಪ್ರಶ್ನಿಸಿದರೆ ‘ಸೌಂಡ್ ಬ್ಲಾಸ್ಟರ್’ ಎಂದು ಆರಿಸಿ, ವಿಳಾಸ 220, ಐಆರ್‌ಕ್ಯೂ 7, ಡಿಎಂಎ 1 ಎಂದು ಉತ್ತರಿಸಿರಿ.

ಆಟದೊಡನೆ ಬಂದ ಕೈಪಿಡಿಯಿದ್ದರೆ ಅದನ್ನು ಎಸೆಯಬೇಡಿರಿ. 1990ರಲ್ಲಿ ಡಾಸ್‌ಗೆ ಬಂದ ‘ಪ್ರಿನ್ಸ್ ಆಫ್ ಪರ್ಷಿಯಾ’ ಆಟದಲ್ಲಿ ಮೊದಲ ಹಂತವು ಮುಗಿದೊಡನೆ ಅಕ್ಷರಗಳ ನಡುವೆ ಬಾಟಲಿಗಳು ಎದುರಾಗುತ್ತವೆ. ಕೈಪಿಡಿಯ ಇಂಥ ಪುಟದ ಇಂಥ ಪದದ ಮೊದಲ ಅಕ್ಷರವಾವುದೋ ಅದರದನ್ನೇ ಕುಡಿಯಬೇಕು. ಕಳ್ಳಪ್ರತಿಗಳನ್ನು ತಡೆಯಲು ಹೂಡಿದ ಉಪಾಯವದು.

ಈಗ ಪ್ರತಿಯ ಪ್ರಶ್ನೆಗೆ ಬರೋಣ. ಆಟವು ಹಳೆಯದಾದ ಮಾತ್ರಕ್ಕೆ ಅದು ಊರವರ ಸೊತ್ತಾಗುವುದಿಲ್ಲ. ನಮ್ಮ 1957ರ ಕೃತಿಸ್ವಾಮ್ಯ ಅಧಿನಿಯಮದ 52ನೆಯ ಪ್ರಕರಣವು, ನ್ಯಾಯವಾಗಿ ಪಡೆದ ತಂತ್ರಾಂಶವು ನಷ್ಟವಾಗದಂತೆ ರಕ್ಷಣೆಗಾಗಿ ಪ್ರತಿ ಮಾಡಿಟ್ಟುಕೊಳ್ಳಲು ಅದರ ಒಡೆಯನಿಗೆ ಅವಕಾಶವನ್ನು ಕೊಟ್ಟಿದೆ, ಹಂಚುವುದಕ್ಕೆ ಅಲ್ಲ. 1993ರ ‘ಡೂಮ್’ ಆಟದ ಮೊದಲ ಭಾಗದಂತಹವನ್ನು ಮಾತ್ರ ನಿರ್ಮಾಪಕರೇ ಮುಕ್ತವಾಗಿ ಹಂಚಲು ಬಿಟ್ಟಿದ್ದರು.

ಪ್ರತಿ ಮಾಡುವ ಕೆಲಸವನ್ನು ಇಂದೇ ಮಾಡಿರಿ. ನಮ್ಮ ಕರಾವಳಿಯ ಮಳೆಗಾಲದ ಥಂಡಿಗೆ ಫ್ಲಾಪಿಯ ಒಳಗಿನ ತಟ್ಟೆಗೂ ಬೂಷ್ಟು ಹಿಡಿಯುತ್ತದೆ. ಬೂಷ್ಟು ಕಂಡ ಫ್ಲಾಪಿಯನ್ನು ಹಾಗೆಯೇ ಒಳಗೆ ಹಾಕಿದರೆ ಓದುವ ಯಂತ್ರವೂ ಕೆಡುತ್ತದೆ. ಮೂರೂವರೆ ಇಂಚಿನ ಫ್ಲಾಪಿಯ ಮೂಲೆಯಲ್ಲಿರುವ ಪುಟ್ಟ ಕದವನ್ನು ಸರಿಸಿ ರಂಧ್ರವು ತೆರೆದು ಕಾಣುವಂತೆ ಮಾಡಿರಿ. ಆಗ ಅದರ ಮೇಲೆ ಏನನ್ನೂ ಬರೆಯಲಾಗದು, ಇದ್ದುದು ಅಳಿಯದು. ಅದನ್ನು ಓದಲು ಯುಎಸ್‌ಬಿ ತಂತಿಯ ಡ್ರೈವ್ ಸಾಕು. ಐದೂಕಾಲು ಇಂಚಿನದಕ್ಕಾದರೆ ಅದರದೇ ಡ್ರೈವುಳ್ಳ ಹಳೆಯ ಗಣಕವನ್ನು ಹುಡುಕಬೇಕು.

ಒಬ್ಬ ಉಪಾಧ್ಯಾಯನು ಆಟದ ವಿಷಯಕ್ಕೆ ಇಷ್ಟು ಪುಟವನ್ನು ವ್ಯಯಿಸಬೇಕೇ ಎಂದು ಕೆಲವರು ಕೇಳಿಯಾರು. ಆಟವು ಇಲ್ಲಿ ನೆಪ. ಅದೇ ಪೆಟ್ಟಿಗೆಯಲ್ಲಿ ಬೇರೆ ಫ್ಲಾಪಿಗಳೂ ಇದ್ದಾವು. ಶಾಲೆಯ ಸ್ಮರಣ ಸಂಚಿಕೆ, ತೀರಿಕೊಂಡ ಹಿರಿಯರು ಬರೆದಿಟ್ಟ ಮನೆತನದ ವಿವರ, ತಾಳಮದ್ದಳೆಯ ಸಂಘದ ಲೆಕ್ಕಪತ್ರ, ಇಂಥವು ಡಾಸ್ ಕಾಲದ ಕನ್ನಡ ತಂತ್ರಾಂಶಗಳಲ್ಲಿ ಅಚ್ಚಾಗಿದ್ದರೆ ಇಂದಿನ ಗಣಕವು ಅವನ್ನು ಅರ್ಥವಿಲ್ಲದ ಚಿಹ್ನೆಗಳಂತೆ ತೋರಿಸುತ್ತದೆ. ಏಕೆಂದರೆ ಅಂದಿನ ಅಕ್ಷರಸಂಕೇತಗಳು ಬೇರೆ, ಇಂದಿನ ಯುನಿಕೋಡ್ ಬೇರೆ. ಆ ಹಳೆಯ ತಂತ್ರಾಂಶವು ಫ್ಲಾಪಿಯಲ್ಲಿ ಉಳಿದಿದ್ದರೆ, ಆಟವನ್ನು ನಡೆಸಿದ ರೀತಿಯಲ್ಲಿಯೇ ಅದನ್ನೂ ಡಾಸ್‌ಬಾಕ್ಸಿನಲ್ಲಿ ನಡೆಸಿ ನೋಡಿರಿ. ಡಾಸ್‌ಬಾಕ್ಸ್ ಆಟಗಳಿಗಾಗಿ ರಚಿತವಾದುದು, ಮುದ್ರಿಸಿ ಕೊಡಲಾರದು. ಆದರೆ ಕಂಟ್ರೋಲ್‌ನೊಡನೆ ಎಫ್5 ಒತ್ತಿದರೆ ತೆರೆಯ ಚಿತ್ರವನ್ನು ತೆಗೆದಿಡುತ್ತದೆ. ಆ ಚಿತ್ರವನ್ನು ನೋಡುತ್ತ ಮತ್ತೆ ಅಚ್ಚು ಮಾಡಿಕೊಳ್ಳಬಹುದು.

ಗಡಿಯಾಚೆಗಿನ ಕನ್ನಡದ ಮನೆಗಳ ಬರಹವನ್ನು ಕಾಪಾಡುವ ಹೊಣೆಯನ್ನು ಬೇರೆ ಯಾರೂ ಹೊತ್ತಿಲ್ಲ, ಅದು ನಮ್ಮದೇ. ಮಕ್ಕಳು ಮೊದಲು ಆಟವನ್ನು ನಡೆಸಲು ಕಲಿಯಲಿ. ಅವರ ಕೈ ಪಳಗಿದ ಮೇಲೆ ಬರುವ ರಜೆಯಲ್ಲಿ ಮನೆಯ ಹಿರಿಯರೊಡನೆ ಕುಳಿತು ಒಂದೊಂದೇ ಫ್ಲಾಪಿಯನ್ನು ತೆರೆದು, ಅದರಲ್ಲಿ ಏನಿದೆಯೆಂದು ಬರೆದು ಚೀಟಿ ಅಂಟಿಸಿಡಲಿ.